ಕೂಡಿಟ್ಟ ಇಪ್ಪತ್ತು

ಮಾರ್ಚ್ 2, ಭಾನುವಾರ

ಇವತ್ತೂ ಆಟ. ಊಟದ ಮೇಜು ಒರೆಸುವಷ್ಟರಲ್ಲಿ ಮೊಮ್ಮಗಳು ಚೌಕಳಿ ಹಾಳೆ ಹರಡಿಯಾಗಿತ್ತು. ನೆಲದಡಿಯ ಗುಹೆಯಂತೆ, ಗುಪ್ತ ಬಾಗಿಲಂತೆ, ಭೂತವಂತೆ. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಆಟ, ಇವಳು ಹುಟ್ಟುವ ಮೊದಲೇ ಅಚ್ಚಾದದ್ದು, ಮುಟ್ಟಿದರೆ ಪುಡಿ. ಅವಳು ಕಥೆ ಹೇಳುತ್ತಾಳೆ, ನಾವು ಅದರೊಳಗೆ ನಡೆಯಬೇಕು. ಅವಳ ಗೆಳೆಯ, ಲಿಫ್ಟ್ ರಿಪೇರಿಯ ಉದ್ದಣ್ಣ, ಕತ್ತಿ ಹಿಡಿದ ವೀರ. ಸೊಸೆ ಮಾಟಗಾತಿ — ವೇಷವೇ ಬೇಕಿಲ್ಲ. ನಾನು ಪಂಜಿನವಳು.

"ಹಳೇ ಆಟ ಹಳೇ ಆಟ ಅಂತ ಕುಣೀತೀಯ, ಹಳೇ ಅಜ್ಜಿಗೆ ಮಾತ್ರ ಪಂಜು ಹಿಡಿಯೋ ಚಾಕರೀನಾ?"

"ಪಂಜು ಆರಿದ್ರೆ ಎಲ್ರೂ ಸಾಯ್ತೀವಿ ಅಜ್ಜಿ. ನೀನೇ ಮುಖ್ಯ."

ಬೆಣ್ಣೆ ಹಚ್ಚುವುದರಲ್ಲಿ ತಾಯಿಯನ್ನೂ ಮೀರಿಸಿದ್ದಾಳೆ. ನಕ್ಕಳು. ಅಷ್ಟಕ್ಕೇ ಏದುಸಿರು, ಕುರ್ಚಿಗೆ ಒರಗಿದಳು. ಹೃದಯದ ವಾಲ್ವ್ ಕೆಟ್ಟಿದೆ. ನಲ್ಲಿಯದ್ದಾಗಿದ್ದರೆ ಉದ್ದಣ್ಣನೇ ಬಿಚ್ಚಿ ಹಾಕುತ್ತಿದ್ದ.

ಮಾರ್ಚ್ 9

ವಿಷದ ಬಾಣ ನನಗೇ ಬಡಿಯಿತು.

"ಸೇವಿಂಗ್ ಥ್ರೋ ಹಾಕು ಅಜ್ಜಿ."

ಇಪ್ಪತ್ತು ಮುಖದ ದಾಳ, ದೊಡ್ಡ ಅಂಕಿ ಬಿದ್ದಷ್ಟೂ ಒಳ್ಳೇದಂತೆ. ತಟ್ಟೆಗೆ ಎಸೆದೆ. ಇಪ್ಪತ್ತೇ ಬಿತ್ತು! ಉದ್ದಣ್ಣ ಎದ್ದು ನಿಂತು ಕೂಗಿದ.

"ಇದನ್ನ ಈಗ ಖರ್ಚು ಮಾಡಲ್ಲ. ಸೇವಿಂಗ್ ಅಂದ್ಯಲ್ಲ, ಎತ್ತಿಡು" ಎಂದೆ.

ಮೂವರೂ ಬಿದ್ದು ಬಿದ್ದು ನಕ್ಕರು.

"ಅಯ್ಯೋ ಅಜ್ಜಿ, ಅದು ಕೂಡಿಡೋ ಸೇವಿಂಗ್ ಅಲ್ಲ, ಜೀವ ಉಳಿಸೋದು! ಈಗ ಬಳಸದಿದ್ರೆ ಪಂಜಿನವಳು ಸಾಯ್ತಾಳೆ. ಸತ್ರೆ ಸತ್ತ ಹಾಗೇ."

"ಸಾಯ್ಲಿ ಬಿಡೇ. ಮುದುಕಿ. ಇಪ್ಪತ್ತನ್ನ ಎತ್ತಿಡು."

ಸತ್ತೆ. ಉದ್ದಣ್ಣ ಪಂಜು ಎತ್ತಿಕೊಂಡ. ಮೊಮ್ಮಗಳು ದಾಳವನ್ನು ಬಿದ್ದ ಹಾಗೇ, ತಟ್ಟೆ ಸಮೇತ ಕಪಾಟಿನ ಮೇಲಿಟ್ಟು ಗಾಜಿನ ಲೋಟ ಬೋರಲು ಹಾಕಿದಳು.

"ಅಜ್ಜಿ ಬ್ಯಾಂಕು. ಯಾರೂ ಮುಟ್ಟಬಾರ್ದು. ಕೈಯಲ್ಲಿ ತಿರುಗಿಸಿದ್ದು ಲೆಕ್ಕಕ್ಕಿಲ್ಲ, ಬಿದ್ದದ್ದೇ ಲೆಕ್ಕ."

ಮಾರ್ಚ್ 26

ಬರೆಯಲು ಕೈ ಬರಲಿಲ್ಲ. ಆಟವೂ ಇಲ್ಲ. ಮೊನ್ನೆ ಮೊಮ್ಮಗಳು ಬಚ್ಚಲಲ್ಲಿ ಕುಸಿದಳು, ಉದ್ದಣ್ಣ ಹೊತ್ತು ಇಳಿಸಿ ಆಸ್ಪತ್ರೆಗೆ ಸೇರಿಸಿದ. ನಾಳೆ ಬೆಳಿಗ್ಗೆ ಆಪರೇಷನ್. ಡಾಕ್ಟರ್ ಏನೇನೋ ಹೇಳಿದರು. ಕೊನೆಗೆ "ನೋಡೋಣ" ಅಂದರು. ಅದೊಂದೇ ಅರ್ಥವಾಯಿತು.

ನೀರು ಕುಡಿಸಿದೆ. ತುಟಿ ನೀಲಿ.

"ಅಜ್ಜಿ, ಕೂಡಿಟ್ಟದ್ದು ಇದೆಯಲ್ವಾ?"

"ಇರದೆ ಎಲ್ಲಿಗೆ ಓಡುತ್ತೆ?"

"ನಾಳೆ ನಂಗೆ ಕೊಡ್ತೀಯಾ?"

"ತಗೋ ತಾಯಿ. ಬಡ್ಡಿ ಸೇರಿಸಿ ತಗೋ."

ಈ ಸಲ ನಗಲಿಲ್ಲ ಅವಳು. ಹೂಂ ಅಂದಳು — ನಿಜಕ್ಕೂ ತೆಗೆದುಕೊಂಡವಳ ಹಾಗೆ.

ಮಾರ್ಚ್ 27, ಬೆಳಿಗ್ಗೆ

ಆಸ್ಪತ್ರೆಯಲ್ಲಿ ಒಬ್ಬರೇ ಇರಬೇಕಂತೆ. ಸೊಸೆ ಇದ್ದಾಳೆ. ನಾನು ಮನೆಯಲ್ಲಿ.

ಕಪಾಟು ನೋಡಿದೆ. ಲೋಟವಿಲ್ಲ. ತಟ್ಟೆಯ ಅಂಚಿಗೆ ಉರುಳಿ ನಿಂತಿದೆ ದಾಳ. ಮೇಲೆ ಮೂರು.

ಸೊಸೆಗೆ ಫೋನ್ ಮಾಡಿ ಲೋಟ ಎಲ್ಲಿ ಅಂತ ಕೇಳಿದೆ.

"ಲೋಟ ಆಸ್ಪತ್ರೆಗೆ ತಂದೆ ಅತ್ತೆ, ಗಡಿಬಿಡೀಲಿ ಕೈಗೆ ಸಿಕ್ಕಿದ್ದು… ಅಯ್ಯೋ. ಅದರಡಿ—"

ಬೇರೆ ದಿನವಾಗಿದ್ದರೆ ನೀರಿಳಿಸಿಬಿಡುತ್ತಿದ್ದೆ. ನಿನ್ನೆ ನಾನು ನೀರು ಕುಡಿಸಿದ್ದೂ ಅದೇ ಲೋಟದಲ್ಲಿ. ಗುರುತಾಗಲಿಲ್ಲ ನನಗೆ.

"ಏನಿಲ್ಲ ಬಿಡಮ್ಮ. ಒಳಗೆ ಕರ್ಕೊಂಡು ಹೋದ್ರಾ?"

"ಈಗ ತಾನೇ. ಬಾಗಿಲು ಹಾಕ್ಕೊಂಡ್ರು. ಅವಳಿಗೆ ಹೇಳಿಲ್ಲ ಅತ್ತೆ, ನಂಗೂ ಈಗ್ಲೇ ಹೊಳೆದದ್ದು…"

ಅತ್ತಳು.

ಅದೇ ದಿನ, ಮಧ್ಯಾಹ್ನ

ಬೆರಳಲ್ಲಿ ತಿರುಗಿಸಿ ಇಪ್ಪತ್ತು ಮಾಡಿದೆ. ನೋಡಿದೆ. ಲೆಕ್ಕಕ್ಕಿಲ್ಲ. ಅವಳೇ ಹೇಳಿದ್ದಾಳಲ್ಲ.

ಹಾಗಾದರೆ ಮತ್ತೆ ಎಸೆಯಬೇಕು. ಎತ್ತಿಕೊಂಡೆ. ಎಸೆಯಲಾಗಲಿಲ್ಲ… ಎಸೆಯದಿದ್ದರೆ ಮೂರೂ ಇಲ್ಲ, ಒಂದೂ ಇಲ್ಲ. ಆವಾಗಿಂದ ಬಲಮುಷ್ಟಿಯಲ್ಲೇ ಇದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಒಂದೊಂದು ಅಕ್ಷರವೂ ಕೋಳಿಕಾಲು. ಅವಳು ನೋಡಿದರೆ ನಗುತ್ತಾಳೆ. ನಗಲಿ.

ಫೋನ್ ಬಡಿದುಕೊಳ್ಳುತ್ತಿದೆ. ಸೊಸೆಯೇ.

ಎಡಗೈಯಲ್ಲಿ ಪೆನ್ನು. ಬಲಗೈ ಬಿಚ್ಚಿದರೆ ದಾಳ ಬೀಳು—