ಕೆಳಗಿಟ್ಟ ಬಟ್ಟಲು ತಣ್ಣಗಾಗಲಿ

ಅಂದು ನಮ್ಮ ಜಿಲ್ಲೆಯ ಆಡಳಿತಾಧಿಕಾರಿಯಾಗಿದ್ದು, ಇಂದು ನಮ್ಮ ಮತ ಕೇಳಲು ಹೊರಟಿರುವ ಮಾನ್ಯರೇ,

ನನ್ನ ಅಪ್ಪನ ಸಾವಿನ ಡೇರೆಯನ್ನು ನೀವು ಕೀಳಿಸಿದಿರಿ. ನಾಲ್ಕು ವರ್ಷವಾದರೂ ನಾನು ಮರೆತಿಲ್ಲ. ನೀವು ಮರೆತಿದ್ದೀರಿ ಎಂಬುದು ರಾಜಧಾನಿ ಅಮ್ಮಾನಿನಲ್ಲಿ ಮುದ್ರಿಸಿ ತಂದು ಗೋಡೆಗೆ ಅಂಟಿಸಿದ ನಿಮ್ಮ ನಗುಮುಖ ನೋಡಿದರೇ ತಿಳಿಯುತ್ತದೆ.

ಕೊರೋನಾ ಕಾಲದ ಆ ಚುನಾವಣೆಯಲ್ಲಿ ಗುಂಪು ಸೇರುವುದು ಅಪರಾಧವೆಂದು ಸಹಿ ಹಾಕಿದವರು ನೀವೇ. ಶಾಲೆ ಪಕ್ಕದ ಬಯಲಲ್ಲಿ ನಿಮ್ಮ ಭಾವಮೈದುನನ ಪ್ರಚಾರದ ಡೇರೆ ಎದ್ದಾಗ ರೋಗಕ್ಕೆ ರಜೆ ಕೊಟ್ಟಿದ್ದಿರೇನು? ಅಲ್ಲಿ ಕಾಫಿ ಬಗ್ಗಿಸಿಕೊಡಲು ಕರೆಸಿದ್ದು ನನ್ನ ಅಪ್ಪ ಮುತ್ಲಕ್‌ನನ್ನು. ಏಲಕ್ಕಿ ಹಾಕಿದ ಕಹಿ ಕಾಫಿ, ಒಂದೇ ಬಟ್ಟಲು, ಸಾಲಾಗಿ ಕೂತ ಮುನ್ನೂರು ಬಾಯಿ. "ಕಾಗದದ ಲೋಟ ತಗೊಂಡ್ಹೋಗಪ್ಪ" ಎಂದೆ. "ಹಂಗೆ ಕೊಟ್ರೆ ಬಂದೋರ ಬಾಯಿ ಹೊಲಸು ಅಂದಂಗಾಗುತ್ತೆ ಕಣವ್ವ" ಎಂದ. ಅದು ಅವನ ತಪ್ಪು, ಒಪ್ಪುತ್ತೇನೆ. ಮುಚ್ಚಿಸಬೇಕಾದ ಡೇರೆಯನ್ನು ಮುಚ್ಚಿಸದ ತಪ್ಪು ಯಾರದು?

ಅದೇ ರೋಗ ತಗುಲಿ ಹತ್ತನೇ ದಿನ ಅಪ್ಪ ತೀರಿಕೊಂಡ. ಬಯಲಿನ ಇನ್ನೊಂದು ತುದಿಯಲ್ಲಿ ಸಂತಾಪಕ್ಕೆ ಬಂದವರನ್ನು ಕೂರಿಸಿ ಕಾಫಿ ಕೊಡಲು ಚಿಕ್ಕಪ್ಪ ದಹಾಮ್ ಮೂರು ದಿನದ ಶೋಕದ ಡೇರೆ ಹಾಕಿಸಿದ. ಹದಿನೆಂಟು ಜನ, ದೂರ ದೂರ ಕುರ್ಚಿ. ಖುದ್ದು ನೀವೇ ಜೀಪಿನಲ್ಲಿ ಬಂದು, "ಇದು ಗುಂಪು, ಕೀಳಿ" ಎಂದಿರಿ.

"ಆ ಕಡೆ ಇರೋದೇನು ಸಾಹೇಬ್ರೇ, ಮದುವೇನಾ?" ಎಂದ ಚಿಕ್ಕಪ್ಪ.

"ಅದು ಪ್ರಜಾಪ್ರಭುತ್ವ ಕಣಯ್ಯ."

ಮತದಾನದ ದಿನ ಸೋಂಕಿನ ಮನೆಯೆಂದು ನಮ್ಮನ್ನು ಒಳಗೇ ಕೂಡಿಹಾಕಿಸಿದಿರಿ. ಹೆದರಿದವರು ಹೊರಗೆ ಬರಲಿಲ್ಲ. ಡೇರೆಯಲ್ಲಿ ಕಾಫಿ ಕುಡಿದವರು ಹೋಗಿ ಮತ ಹಾಕಿದರು, ನಿಮ್ಮ ಭಾವಮೈದುನ ಗೆದ್ದ. ರೋಗ ಕೂಡ ನಿಮ್ಮ ಪಕ್ಷದ ಕಾರ್ಯಕರ್ತನಂತೆ ದುಡಿಯಿತಲ್ಲವೇ?

ಗುರುವಾರ ನಮ್ಮ ಕುಲದ ಹಜಾರಕ್ಕೆ ಬರುತ್ತೀರಂತೆ. ರೂಢಿ ನಿಮಗೂ ಗೊತ್ತು. ಬೇಡಲು ಬಂದವನು ಬಟ್ಟಲನ್ನು ಕುಡಿಯದೆ ಕೆಳಗಿಡುತ್ತಾನೆ. "ಕುಡಿ, ನಿನ್ನ ಕೆಲಸ ಆಯ್ತು" ಎಂದು ಮನೆಯವರು ಹೇಳಬೇಕು; ಹೇಳದೆ ಬಟ್ಟಲು ತಣ್ಣಗಾದರೆ ಅವನು ಅವಮಾನ ಹೊತ್ತು ಬರಿಗೈಲಿ ಏಳಬೇಕು. ಬೇಡಿದವನನ್ನು ಬರಿಗೈಲಿ ಕಳಿಸಿದ ಹೆಸರು ನಮ್ಮ ಕುಲಕ್ಕಿಲ್ಲ. ನೀವು ಅದನ್ನೇ ನಂಬಿ ಬರುತ್ತಿದ್ದೀರಿ.

ನನ್ನ ಬೇಡಿಕೆ ಒಂದೇ. ಅದೇ ಬಯಲಲ್ಲಿ ಮೂರು ದಿನ ನನ್ನ ಅಪ್ಪನ ಡೇರೆ ಹಾಕಿಸಿ. ಬಾಗಿಲಲ್ಲಿ ನೀವೇ ನಿಂತು, ಅಂದು ಅದನ್ನು ಏಕೆ ಕೀಳಿಸಿದಿರಿ ಎಂದು ಬಂದವರಿಗೆಲ್ಲ ಹೇಳಿ. ಆಗದಿದ್ದರೆ ಗುರುವಾರ ಧಾರಾಳವಾಗಿ ಬನ್ನಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು.

ಈ ಪತ್ರವನ್ನು ಚಿಕ್ಕಪ್ಪನಿಗೆ ಓದಿ ಹೇಳಿದೆ. ಅವನು ಅಪ್ಪನ ಬಟ್ಟಲನ್ನು ಒರೆಸುತ್ತಾ ಹೇಳಿದ: "ಬರ್ಲಿ ಬಿಡವ್ವ. ಬಿಸಿಬಿಸಿಯಾಗೇ ಹಾಕ್ಕೊಡ್ತೀನಿ. ತಣ್ಣಗಾಗೋ ತನಕ ಎದುರಿಗೇ ಕೂತಿರ್ತೀನಿ."

ಇಂತಿ,
ಅಪ್ಪನ ಸಾವಿಗೆ ಒಂದು ಬಟ್ಟಲು ಕಾಫಿಯನ್ನೂ ಬಗ್ಗಿಸಿಕೊಡಲಾಗದ ಮನೆಯ ಮಗಳು,
ರಸ್ಮಿಯಾ