ಒಂದೇ ಮಾಸು

ಆಖಿಲ್,

ನೀನು ತೀರಿಕೊಂಡ ಮೇಲೆ ನಿನಗೆ ಬರೆಯುತ್ತಿರುವುದು ಇದೇ ಮೊದಲು. ಬೇರೆ ಯಾರಿಗೂ ಹೇಳಿಕೊಳ್ಳುವ ಮುಖ ನನಗಿಲ್ಲ.

ಇವತ್ತು ಬೆಳಿಗ್ಗೆ ನಮ್ಮ ಮಗ ರೋಲಾಂಡನ ಹೆಂಡತಿ ಲುಟ್‌ಗಾರ್ಟ್ ಮನೆಯಲ್ಲೇ ಅವಳಿ ಹೆಣ್ಣುಮಕ್ಕಳನ್ನು ಹೆತ್ತಳು. ಸುದ್ದಿ ಬಂದದ್ದೇ ತಡ, ಸಕ್ಕರೆ ಬಾದಾಮಿಯ ಪೊಟ್ಟಣ ಹಿಡಿದು ಟ್ರಾಮ್ ಹತ್ತಿದೆ. ಒಂದು ಮಗು ಗುಂಡಗೆ, ಕೆಂಪಗೆ, ಥೇಟ್ ನಿನ್ನ ಹಾಗೆ. ಇನ್ನೊಂದು ಬಿಳಿಚಿಕೊಂಡು ಸಣಕಲಾಗಿತ್ತು.

"ದೊಡ್ಡದೇನೋ ನಮ್ಮನೇದು. ಈ ಚಿಕ್ಕದು ಯಾರದು ಅಂತ ಲುಟ್‌ಗಾರ್ಟೇ ಹೇಳಬೇಕು" ಅಂದುಬಿಟ್ಟೆ. ತಮಾಷೆಗೆ ಅಂದೆ ಅಂತ ನಿನ್ನ ಹತ್ತಿರ ಸುಳ್ಳು ಹೇಳಲಾರೆ. ಅವಳನ್ನು ನಾನು ಯಾವತ್ತೂ ನಂಬಿರಲಿಲ್ಲ.

ಲುಟ್‌ಗಾರ್ಟ್ ಗೋಡೆಯ ಕಡೆ ಮುಖ ತಿರುಗಿಸಿದಳು. ಸೂಲಗಿತ್ತಿ ಮಾತ್ರ ಸುಮ್ಮನಿರಲಿಲ್ಲ. ಹೆರಿಗೆಯ ಬೆನ್ನಿಗೆ ಬಿದ್ದು ಬೋಗುಣಿಯಲ್ಲಿದ್ದ ಮಾಸನ್ನು ನನ್ನ ಮುಂದೆ ತಂದಿಟ್ಟಳು.

"ಇಲ್ಲಿ ನೋಡಿ ಅಜ್ಜಮ್ಮ. ಇಬ್ಬರಿಗೂ ಸೇರಿ ಮಾಸು ಒಂದೇ. ನಡುವಿನ ಪೊರೆ ಆಚೆ ಕಡೆ ಕಾಣೋಷ್ಟು ತೆಳು. ಬೇರೆ ಬೇರೆ ಅಂಡದ ಮಕ್ಕಳಾಗಿದ್ರೆ ಇದು ದಪ್ಪಗಿರ್ತಿತ್ತು. ಇವರು ಒಂದೇ ಅಂಡ ಒಡೆದು ಇಬ್ಬರಾದವರು. ದೊಡ್ಡವಳ ಅಪ್ಪ ಯಾರೋ ಚಿಕ್ಕವಳಿಗೂ ಅವನೇ. ಪಾಪ, ಇವಳ ಪಾಲಿಗೆ ಮಾಸಿನ ಅಂಚಷ್ಟೇ ಸಿಕ್ಕಿದೆ, ಅದಕ್ಕೇ ಸೊರಗಿದಾಳೆ."

ಬೋಗುಣಿಯನ್ನು ಬದಿಗೆ ಸರಿಸಿ ಹಾಸಿಗೆಯ ಹತ್ತಿರ ಹೋದೆ.

"ಕೊಡಮ್ಮ, ಚಿಕ್ಕವಳನ್ನ ನಾನು ಎತ್ಕೋತೀನಿ" ಅಂತ ಕೈ ಚಾಚಿದೆ.

"ಬೇಡ ಅತ್ತೆ, ಅವಳಿಗೆ ಹಸಿವಾಗಿದೆ" ಅಂದಳು ಲುಟ್‌ಗಾರ್ಟ್, ನನ್ನ ಕಡೆ ನೋಡದೆ.

ಮಗು ಅವಳ ತೋಳಿನಲ್ಲಿ ಗಾಢವಾಗಿ ನಿದ್ದೆ ಮಾಡುತ್ತಿತ್ತು.

ಎಲ್ಲ ಕೇಳಿಸಿಕೊಂಡಿದ್ದ ರೋಲಾಂಡ್ ನನ್ನ ಕೋಟನ್ನು ತಂದು, ತೊಡಲು ಅಗಲಿಸಿ ಹಿಡಿದ.