ಸಲಾಮಿಗೆ ಎತ್ತಿದ ಕೈ

ಬಸರಾ ಬಂದರು, ೧೯೧೬

ಅಕ್ಕ ಗುರುಲಿಂಗವ್ವನಿಗೆ ತಮ್ಮ ಸಂಗಯ್ಯನ ಶರಣು.

ಇಲಕಲ್ಲಿನ ಮಠದ ಅಯ್ಯ ಜೋಳಿಗೆ ಬಿಟ್ಟು ಬಂದೂಕು ಹಿಡಿದನೆಂದು ಓಣಿಯವರು ಇನ್ನೂ ನಗುತ್ತಿದ್ದಾರೇನು? ಇದನ್ನೂ ಹೇಳು, ನಗಲಿ. ಮೊದಲ ವಾರದ ಕವಾಯತಿನಲ್ಲಿ ನಮ್ಮ ಮರಾಠಾ ಸುಬೇದಾರರು ನನ್ನೆದುರು ಬಂದು ನಿಂತರು. ಸಲಾಮು ಹೊಡೆಯಬೇಕಿತ್ತು. ಆದರೆ ಎದುರಿಗೆ ಯಾರು ನಿಂತರೂ ಆಶೀರ್ವಾದಕ್ಕೆ ಏಳುವ ಕೈ ಇದು, ನೇರ ಅವರ ತಲೆಯ ಮೇಲೆ ಎದ್ದೇಬಿಟ್ಟಿತು. ಬಾಯಿ 'ಕಲ್ಯಾಣವಾಗಲಿ' ಎಂದಿತು. ಅದು ಕೇಳಿದ್ದೇ ತಡ, ನನ್ನ ಜೊತೆಗೇ ಪಲ್ಟಣ ಸೇರಿದ ನಮ್ಮ ಭಕ್ತರ ಮನೆಯ ರಾಚಪ್ಪ ಸಾಲಿನಲ್ಲೇ ಬಗ್ಗಿ ನನ್ನ ಬೂಟು ಮುಟ್ಟಿ ನಮಸ್ಕರಿಸಿದ. ಇಬ್ಬರಿಗೂ ಬಂದೂಕು ತಲೆಯ ಮೇಲೆ ಎತ್ತಿಕೊಂಡು ಮೈದಾನದ ಸುತ್ತ ಓಟ! ಏದುಸಿರು ಬಿಡುತ್ತ ರಾಚಪ್ಪ ಅಂದ: "ಅಯ್ಯಾರ, ಇನ್ನಮ್ಯಾಲ ಕೈ ಹಣಿ ತನಕಾ ಅಷ್ಟ ಎತ್ರಿ!"

ಬೂಟು ಕಚ್ಚಿದ ಗಾಯ ಬಿಟ್ಟರೆ ಮೈ ಗಟ್ಟಿಯಾಗಿದೆ. ಶಿವಯೋಗ ಮಂದಿರದ ವಿಭೂತಿ ಗಟ್ಟಿ ನಾಲ್ಕು ಕಳಿಸು, ಇಲ್ಲಿ ಹಚ್ಚಿಕೊಳ್ಳುವವರು ಹೆಚ್ಚಾಗಿದ್ದಾರೆ.

ಇವತ್ತು ನಮ್ಮ ಪಲ್ಟಣ ಹೊಳೆಯ ದಾರಿಯಿಂದ ಕಾಳಗಕ್ಕೆ ಹೊರಟಿದೆ. ಹಡಗು ಹತ್ತುವ ಮುಂಚೆ ಅದೇ ಸುಬೇದಾರರು ಬಂದು ನನ್ನೆದುರು ನಿಂತರು. ನಾನು ಹಣೆಗೆ ಕೈ ಹಚ್ಚಿ ಬಿಗಿಯಾಗಿ ಸಲಾಮು ಹೊಡೆದೆ, ಒಂದಿಷ್ಟೂ ತಪ್ಪಲಿಲ್ಲ. ಅವರು ಮುಂದೆ ಹೋಗಲಿಲ್ಲ. ತಲೆ ತಗ್ಗಿಸಿ ಅಲ್ಲೇ ನಿಂತಿದ್ದರು.

ಕೈಯನ್ನು ಹಣೆಯಿಂದ ಇನ್ನಷ್ಟು ಮೇಲೆ ಎತ್ತಿದೆ, ಅಕ್ಕ. ಈ ಸಲ ಯಾರೂ ಓಡಿಸಲಿಲ್ಲ.

ಸೀಟಿ ಊದಿದರು.
ಸಂಗಯ್ಯ